ಮೇಲುಕೋಟೆ: ದಾನವೋ? ಕೂಲಿಯೋ?



ಫಾಲ್ಗುಣ ಬಂದರೆ ಮೇಲುಕೋಟೆಯಲ್ಲಿ ವೈರಮುಡಿ. ಮಂಡ್ಯದ ಖಜಾನೆಯಲ್ಲಿರುವ ವಜ್ರದ ಕಿರೀಟ ಪೊಲೀಸ್ ಬಂದೋಬಸ್ತಿನಲ್ಲಿ ಬೆಟ್ಟ ಹತ್ತುತ್ತದೆ. ಚೆಲುವನಾರಾಯಣನ ಉತ್ಸವಮೂರ್ತಿಗೆ ಅದನ್ನು ತೊಡಿಸಿ ರಾತ್ರಿ ಮೆರವಣಿಗೆ ಮಾಡುತ್ತಾರೆ. ನಮ್ಮ ಹಾಸ್ಟೆಲ್ ಹುಡುಗರೂ ಬಸ್ಸು ಹತ್ತಿ ಹೋಗುತ್ತಾರೆ. ಹೋಗಲಿ. ಜಾತ್ರೆ ಯಾರಪ್ಪನ ಮನೆ ಸೊತ್ತೂ ಅಲ್ಲ. ಆದರೆ ಅಲ್ಲಿ ಒಂದು ಕತೆ ಹೇಳುತ್ತಾರೆ. ಅದಕ್ಕೆ ತಲೆದೂಗಿ ಸುಮ್ಮನೆ ಬರಬೇಡಿ. ಲೆಕ್ಕ ಕೇಳಿ.

ಕತೆ ಇಷ್ಟೇ: "ರಾಮಾನುಜಾಚಾರ್ಯರು ಎಂಥಾ ದೊಡ್ಡವರು ನೋಡಿ, ಒಂಬೈನೂರು ವರ್ಷದ ಹಿಂದೆಯೇ ನಿಮ್ಮವರನ್ನು ದೇವಸ್ಥಾನದೊಳಕ್ಕೆ ಬಿಟ್ಟರು. ತಿರುಕುಲದವರು ಅಂತ ಹೆಸರು ಕೊಟ್ಟರು." ಭಾಷಣದಲ್ಲೂ ಇದೇ, ಪಾಠದಲ್ಲೂ ಇದೇ. ಕೇಳಿದ ನಮ್ಮ ಹುಡುಗರಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಋಣದ ಭಾರ. ಬಿಟ್ಟರು ಅನ್ನುವ ಮಾತನ್ನು ನೋಡಿ. ಬಿಡುವವರು ಯಾವಾಗಲೂ ಅವರು. ಬಿಡಿಸಿಕೊಳ್ಳುವವರು ನಾವು.

ಇದೇ ಕತೆ 1891ರ ಮೈಸೂರು ಜನಗಣತಿ ವರದಿಯಲ್ಲಿ ಬೇರೆ ಥರ ಇದೆ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಪುಸ್ತಕ ಮಾಡಿದ ಎಡ್ಗರ್ ಥರ್ಸ್ಟನ್ ಕೂಡ ಅದನ್ನೇ ಎತ್ತಿಕೊಟ್ಟಿದ್ದಾನೆ. ಅದರ ಪ್ರಕಾರ ದೆಹಲಿಯ ದೊರೆ ಮೂರ್ತಿಯನ್ನು ಹೊತ್ತೊಯ್ದು ಮಗಳಿಗೆ ಆಟಕ್ಕೆ ಕೊಟ್ಟಿದ್ದ. ರಾಮಾನುಜರು ಅಲ್ಲಿಗೆ ಹೋಗಿ ಅದನ್ನು ಪಡೆದರು. ಹೊತ್ತು ತರಬೇಕಲ್ಲ, ಬ್ರಾಹ್ಮಣರನ್ನು ಕರೆದರು. ಅವರು ಆಗಲ್ಲ ಅಂದರು. ಹೊಲೆಯರು ಮುಂದೆ ಬಂದರು. ಸುಮ್ಮನೆ ಬರಲಿಲ್ಲ. ದೇವಸ್ಥಾನದೊಳಗೆ ಹೋಗುವ ಹಕ್ಕು ಕೊಟ್ಟರೆ ಹೊರುತ್ತೇವೆ ಅಂತ ಷರತ್ತು ಹಾಕಿದರು. ಆಚಾರ್ಯರು ಒಪ್ಪಿದರು. ದೆಹಲಿಯಿಂದ ಮೇಲುಕೋಟೆಯ ತನಕ ದಾರಿಯುದ್ದಕ್ಕೂ ಜನ ನಿಂತು, ಕೈಯಿಂದ ಕೈಗೆ ದಾಟಿಸಿ, ಒಂದೇ ದಿನದಲ್ಲಿ ದೇವರನ್ನು ತಂದುಬಿಟ್ಟರು.

ಇದು ಇತಿಹಾಸವೇ? ಅಲ್ಲ. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದೇ 1206ರಲ್ಲಿ. ಕಾಲ ಕೂಡುವುದಿಲ್ಲ. ಆದರೆ ಕತೆ ಕಟ್ಟಿದವರ ಬಾಯಲ್ಲೇ ಒಂದು ನಿಜ ಉಳಿದುಕೊಂಡಿದೆ. ಅದು ದಾನ ಅಲ್ಲ, ಕರಾರು. ನಮ್ಮವರು ಹೊತ್ತ ಹೊರೆಗೆ ಕೇಳಿದ ಕೂಲಿ ಅದು. ಕೊಟ್ಟ ಕೂಲಿಯನ್ನು ಯಾರಾದರೂ ಭಿಕ್ಷೆ ಅಂತ ಹೇಳುತ್ತಾರೆಯೇ?

ಆ ಕೂಲಿಯ ಗತಿ ಏನಾಯಿತು? ಅದೇ ವರದಿ ಹೇಳುತ್ತದೆ. ಟಿಪ್ಪು ಸತ್ತ 1799ರಲ್ಲಿಯೇ ದಿವಾನ್ ಪೂರ್ಣಯ್ಯ ಮೇಲುಕೋಟೆಗೆ ಬಂದ. ತಿರುಕುಲದವರ ಪ್ರವೇಶವನ್ನು ಧ್ವಜಸ್ತಂಭದ ಹತ್ತಿರಕ್ಕೆ ನಿಲ್ಲಿಸಲಾಯಿತು. ದೇವರನ್ನು ಹೊತ್ತು ತಂದವರು ಇನ್ನು ಮೇಲೆ ಕಂಬದ ಹತ್ತಿರ ನಿಂತು, ದೂರದಿಂದ ನೋಡಬೇಕು. ಅದೂ ವರ್ಷವಿಡೀ ಅಲ್ಲ, ರಥೋತ್ಸವದ ಹೊತ್ತಿನಲ್ಲಿ ಮಾತ್ರ. ಅವತ್ತು ಗಂಡಸರು, ಹೆಂಗಸರು, ಮಕ್ಕಳು ತಲೆ ಬೋಳಿಸಿಕೊಂಡು, ಕಲ್ಯಾಣಿಯಲ್ಲಿ ಮಿಂದು, ಅಕ್ಕಿ ಎಣ್ಣೆ ತುಂಬಿದ ಮಡಕೆ ಹೊತ್ತು ಕಂಬದ ತನಕ ಹೋಗುತ್ತಿದ್ದರು. ತೇರು ಎಳೆದದ್ದಕ್ಕೆ ಇನ್ನೂರು ಸೇರು ರಾಗಿ, ಒಂದಿಷ್ಟು ಬೆಲ್ಲ, ಚಪ್ಪರಕ್ಕೆ ಕಟ್ಟಿದ್ದ ಬಣ್ಣದ ಬಟ್ಟೆಯ ತುಂಡು.

ಇದಕ್ಕೆ ಬದಲಾಗಿ ನಮ್ಮವರು ಏನು ಮಾಡಬೇಕಿತ್ತು? ದೇವಸ್ಥಾನದ ಸುತ್ತಿನ ಬೀದಿಗಳನ್ನು ದಿನಾ ಗುಡಿಸಬೇಕು. ಉತ್ಸವ ನಡೆಯುವಷ್ಟು ದಿನ ರಾತ್ರಿಯೆಲ್ಲ ತಮಟೆ ಬಡಿದುಕೊಂಡು ಊರು ಕಾಯಬೇಕು. ಎಲ್ಲಾ ಬಿಟ್ಟಿ. ಗುಡಿಸುವುದು ವರ್ಷವಿಡೀ, ಒಳಗೆ ಹೋಗುವುದು ತೇರಿನ ದಿನಗಳಲ್ಲಿ. ನಮ್ಮ ಕಡೆಯ ಬಾಬ್ತು ಒಂದು ದಿನವೂ ತಪ್ಪಲಿಲ್ಲ, ಅವರ ಕಡೆಯದು ಕಂಬದ ಹತ್ತಿರ ನಿಂತುಹೋಯಿತು. ಪೊಲೀಸು, ಮುನಿಸಿಪಾಲಿಟಿ ಬಂದ ಮೇಲೆ ಈ ಬಿಟ್ಟಿ ಚಾಕರಿ ಕಡಿಮೆಯಾಯಿತು ಅಂತ ವರದಿಯೇ ಬರೆದಿದೆ. ಆಚಾರ್ಯರ ಕರುಣೆಯಿಂದ ಇಳಿಯದ ಹೊರೆ ಸರ್ಕಾರಿ ಜವಾನ ಬಂದ ಮೇಲೆ ಇಳಿಯಿತು!

ಇನ್ನೊಂದು ಮಾತಿದೆ. ನಮ್ಮಲ್ಲೇ ಎಡಗೈ ಬಲಗೈ ಅಂತ ಜಗಳವಾಡುವವರು ಕಿವಿಗೊಟ್ಟು ಕೇಳಿ. ಮೆರವಣಿಗೆ ಮುಗಿದ ಮೇಲೆ ಹೊಲೆಯರ ಪರವಾಗಿ ಒಬ್ಬ, ಮಾದಿಗರ ಪರವಾಗಿ ಒಬ್ಬ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಸ್ಥಾನಿಕರು ಎರಡು ತಟ್ಟೆಗೂ ಒಂದೇ ಕಾಲಕ್ಕೆ ಹೂವಿನ ಹಾರ ಬೀಳಿಸುತ್ತಿದ್ದರು. ಯಾರಿಗೆ ಮೊದಲು ಅನ್ನುವ ಅನುಮಾನ ಬರಬಾರದಲ್ಲ! ನಮ್ಮಿಬ್ಬರ ನಡುವೆ ಸಮಾನತೆ ಕಾಯುವುದಕ್ಕೆ ಅವರಿಗೆ ಅಷ್ಟು ಎಚ್ಚರ. ಆದರೆ ಹಾರವನ್ನು ಕೈಗೆ ಕೊಡುವುದಿಲ್ಲ, ಬೀಳಿಸುತ್ತಾರೆ. ನಾವಿಬ್ಬರೂ ಪಕ್ಕದವನ ತಟ್ಟೆ ನೋಡುತ್ತಾ ನಿಂತರೆ ಹಾರ ಬೀಳಿಸುವ ಕೈಯನ್ನು ನೋಡುವವರು ಯಾರು? ಒಳಮೀಸಲಾತಿಯ ಮಾತು ಬಂದಾಗಲೂ ಇದು ನೆನಪಿರಲಿ. ಹಂಚಿಕೆ ನ್ಯಾಯವಾಗಿ ಆಗಲೇಬೇಕು, ಹಿಂದೆ ಉಳಿದವನಿಗೆ ಅವನ ಪಾಲು ಸಿಗಲೇಬೇಕು. ಜಗಳ ಮಾತ್ರ ತಟ್ಟೆ ತಟ್ಟೆಯ ನಡುವೆ ಬೇಡ.

ಕೊನೆಗೆ ಏನಾಗುತ್ತಿತ್ತು ಗೊತ್ತೇ? ಉತ್ಸವ ಮುಗಿದ ಕೂಡಲೇ ರಿಯಾಯಿತಿ ಖಲಾಸ್. ದೇವಸ್ಥಾನವನ್ನು ಶುದ್ಧಿ ಮಾಡುತ್ತಿದ್ದರು. ಬೇಲೂರಿನ ವಿಷ್ಣು ದೇವಾಲಯದಲ್ಲೂ ನಮ್ಮವರಿಗೆ ಇಂಥದೇ ಪ್ರವೇಶ ಇತ್ತು ಅಂತ ವರದಿ ಹೇಳುತ್ತದೆ. ಹೆಸರು ತಿರುಕುಲ, ಅಂದರೆ ಪವಿತ್ರ ಕುಲ. ಪವಿತ್ರ ಕುಲದವರು ಬಂದುಹೋದ ಜಾಗಕ್ಕೆ ಶುದ್ಧಿ ಯಾಕೆ ಸ್ವಾಮಿ?

ಇದೆಲ್ಲ ಹಳೇ ಕಾಲದ ಮಾತು ಅನ್ನುವವರು ಇದ್ದಾರೆ. ಹೌದು, ಕಾನೂನು ಬದಲಾಯಿತು. 1948ರಲ್ಲಿ ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾಯ್ದೆ ಬಂತು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಈಗ ಮೇಲುಕೋಟೆಗೆ ಹೋಗಲು ತೇರಿನ ದಿನವೇ ಆಗಬೇಕಿಲ್ಲ, ತಲೆ ಬೋಳಿಸಬೇಕಿಲ್ಲ, ಬೀದಿ ಗುಡಿಸಬೇಕಿಲ್ಲ. ಆದರೆ ಶುದ್ಧಿಯ ರೋಗ ಹೋಯಿತೇ? 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಇನ್ನೂ ಸರಿಯಾಗಿ ಮಾತು ಬಾರದ ಒಂದು ಮಗು ಹುಟ್ಟುಹಬ್ಬದ ದಿನ ಹನುಮಂತನ ಗುಡಿಯೊಳಕ್ಕೆ ಓಡಿತು. ಶುದ್ಧಿ ಮಾಡಬೇಕು ಅಂತ ಅಪ್ಪನಿಗೆ 25 ಸಾವಿರ ರೂಪಾಯಿ ದಂಡ ಕೇಳಿದರು. 2024ರ ನವೆಂಬರಿನಲ್ಲಿ ಮೇಲುಕೋಟೆ ಇರುವ ಮಂಡ್ಯ ಜಿಲ್ಲೆಯಲ್ಲೇ, ಹನಕೆರೆಯಲ್ಲಿ, ನಮ್ಮವರು ಪೊಲೀಸರ ರಕ್ಷಣೆಯಲ್ಲಿ ಕಾಲಭೈರವನ ಗುಡಿ ಹೊಕ್ಕರು. ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ಎತ್ತಿಕೊಂಡು ಹೋದರು. ನಾವು ಒಳಗೆ ಬಂದರೆ ದೇವರೇ ಹೊರಗೆ!

"ಬಾಬಾಸಾಹೇಬರೇ ಆ ಧರ್ಮ ಬಿಟ್ಟು ಹೋದರು, ನಮಗ್ಯಾಕೆ ಬೇಕು ಆ ಗುಡಿ?" ಅಂತ ಕೇಳುವ ಹಾಸ್ಟೆಲ್ ಗೆಳೆಯರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಬೇಡ್ಕರ್ 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು, ನಿಜ. ಅದಕ್ಕೆ ಮೊದಲು 1930ರ ಮಾರ್ಚಿಯಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಕೂರಿಸಿದವರೂ ಅವರೇ. ಒಳಗೆ ಹೋಗಿ ಕೈಮುಗಿದರೆ ಹೊಟ್ಟೆ ತುಂಬುತ್ತದೆ ಅಂತ ಅವರು ನಂಬಿರಲಿಲ್ಲ. ನಮ್ಮನ್ನು ಮನುಷ್ಯರು ಅಂತ ಒಪ್ಪುತ್ತೀರಾ ಇಲ್ಲವಾ, ಬಾಗಿಲಲ್ಲೇ ಹೇಳಿ ಅಂತ ಕೇಳಿದರು. ಹೋಗುವ ಹಕ್ಕು ಇದ್ದವನು ಮಾತ್ರ ನಾನು ಹೋಗಲ್ಲ ಅನ್ನಬಹುದು. ಹಕ್ಕು ಇಲ್ಲದವನು ಹೋಗಲ್ಲ ಅಂದರೆ ಊರವರಿಗೆ ಅದು ಹಾಲು ಕುಡಿದಷ್ಟು ಖುಷಿ. ದೇವರನ್ನು ನಂಬುವುದು ಬಿಡುವುದು ನಿಮ್ಮ ನಿಮ್ಮ ಬುದ್ಧಿಗೆ ಬಿಟ್ಟದ್ದು. ಹಕ್ಕನ್ನು ಮಾತ್ರ ಬಿಡುವ ಹಾಗಿಲ್ಲ, ಯಾಕೆಂದರೆ ಅದು ನಿನ್ನೊಬ್ಬನದಲ್ಲ. ಊರಲ್ಲಿ ಕಂಬದ ಹತ್ತಿರ ನಿಂತ ನಿನ್ನ ಅವ್ವನದು ಕೂಡ.

ಮೇಲುಕೋಟೆಯ ಪಾಠ ಇಷ್ಟೇ. ಆಚಾರ್ಯ ಕೊಟ್ಟದ್ದನ್ನು ದಿವಾನ ಕಿತ್ತುಕೊಂಡ. ದಯೆಯಿಂದ ಬಂದದ್ದಕ್ಕೆ ಕಾಗದ ಇಲ್ಲ, ಸಾಕ್ಷಿ ಇಲ್ಲ, ಕೋರ್ಟು ಇಲ್ಲ. ಈಗ ನಮ್ಮ ಕೈಯಲ್ಲಿ ಕಾಗದ ಇದೆ. 1955ರ ಅಸ್ಪೃಶ್ಯತಾ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಗುಡಿಯ ಪ್ರವೇಶದ ಜೊತೆಗೆ ಮೆರವಣಿಗೆ, ಜಾತ್ರೆಯ ಹೆಸರನ್ನೂ ಸೇರಿಸಿದ್ದಾರೆ. ತಡೆದರೆ ಅಪರಾಧ. ಠಾಣೆಯಲ್ಲಿ ದೂರು ಬರೆದುಕೊಳ್ಳದ ಅಧಿಕಾರಿಗೂ ಅದೇ ಕಾಯ್ದೆಯಲ್ಲಿ ಶಿಕ್ಷೆ ಇದೆ. ಇದನ್ನು ನಮ್ಮ ಎಷ್ಟು ಹಾಸ್ಟೆಲಿನಲ್ಲಿ ಓದಿದ್ದಾರೆ?

ಅದಕ್ಕೇ ಈ ರಜೆಗೆ ಮೂರು ಕೆಲಸ. ಈ ಎರಡು ಕಾಯ್ದೆಗಳ ಕನ್ನಡ ಪ್ರತಿ ತರಿಸಿ, ರೂಮಿನಲ್ಲಿ ಹತ್ತು ಜನ ಕೂತು ಗಟ್ಟಿಯಾಗಿ ಓದಿ. ಊರಿಗೆ ಹೋದಾಗ ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನಮ್ಮೂರ ಜಾತ್ರೆಯಲ್ಲಿ ನಾವು ಏನು ಕೆಲಸ ಮಾಡುತ್ತಿದ್ದೆವು, ಏನು ಕೊಡುತ್ತಿದ್ದರು, ಎಲ್ಲಿಯ ತನಕ ಬಿಡುತ್ತಿದ್ದರು, ಈಗ ಎಲ್ಲಿಯ ತನಕ? ಕೇಳಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ನಮ್ಮ ಕತೆಯನ್ನು ಜನಗಣತಿಯ ಸಾಹೇಬರು ಬರೆದದ್ದು ಸಾಕು. ಮೂರನೆಯದು, ತಮಟೆಗೆ, ತೇರಿನ ಹಗ್ಗಕ್ಕೆ, ಕಸಬರಿಗೆಗೆ ಮಾತ್ರ ಹಟ್ಟಿಯನ್ನು ಕರೆಯುವ ಊರಿದ್ದರೆ, ಮೊದಲು ಬಾಗಿಲ ಮಾತು ಆಗಲಿ, ಆಮೇಲೆ ಹಗ್ಗದ ಮಾತು ಅಂತ ಒಗ್ಗಟ್ಟಾಗಿ ಹೇಳಿ. ದೇವರನ್ನು ಹೊರುವ ಮೊದಲು ಷರತ್ತು ಹಾಕಿದ ಹಿರಿಯರು ನಮ್ಮವರು. ಆ ಬುದ್ಧಿ ಮರೆಯಬೇಡಿ.