ಶಟ್‌ಡೌನ್‌ಗೆ ಬಂದ ಟ್ಯಾಬ್ಲೆಟ್: ಉಳಿಯುವುದು ಸಮಯವೋ, ಜೀವವೋ?

ಸುರತ್ಕಲ್ ಬಳಿಯ ಎಂ.ಆರ್.ಪಿ.ಎಲ್. ಇರಲಿ, ಸೌದಿಯ ಜುಬೈಲ್ ಇರಲಿ, ಅಬುಧಾಬಿಯ ರುವೈಸ್ ಇರಲಿ, 'ಶಟ್‌ಡೌನ್' ಎಂಬ ಮಾತು ಕರಾವಳಿಯ ಮನೆಗಳಿಗೆ ಹೊಸದಲ್ಲ. ವೆಲ್ಡರ್, ಫಿಟ್ಟರ್, ರಿಗ್ಗರ್ ಆಗಿ ಈ ಕೆಲವು ವಾರಗಳ ಕೆಲಸಕ್ಕೆ ಹೋಗಿಬಂದವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಈಗ ಈ ಕೆಲಸದ ಕಾಗದಪತ್ರಗಳು ಒಂದೊಂದಾಗಿ ಟ್ಯಾಬ್ಲೆಟ್‌ಗೆ ಸೇರುತ್ತಿವೆ. ಇದರಿಂದ ಕಾರ್ಮಿಕನಿಗೆ ಸಿಗುವುದೇನು?

ತೈಲ ಶುದ್ಧೀಕರಣ ಸ್ಥಾವರಗಳು ಹಗಲಿರುಳು ನಡೆಯುತ್ತವೆ. ಕೆಲವು ವರ್ಷಗಳಿಗೊಮ್ಮೆ ಘಟಕವನ್ನು ನಿಲ್ಲಿಸಿ, ಎಣ್ಣೆ-ಅನಿಲ ಖಾಲಿ ಮಾಡಿ, ಉಗಿ ಅಥವಾ ನೈಟ್ರೋಜನ್ ಹಾಯಿಸಿ, ಪೈಪುಗಳಿಗೆ 'ಬ್ಲೈಂಡ್' ಎಂಬ ಉಕ್ಕಿನ ತಟ್ಟೆ ಅಡ್ಡ ಇಡುತ್ತಾರೆ. ಗಾಳಿ ಪರೀಕ್ಷಿಸಿದ ಮೇಲೆಯೇ ಜನರು ಒಳಗಿಳಿಯಬೇಕು. ಸಾವಿರಾರು ಕೆಲಸ, ಸಾವಿರಾರು ಗುತ್ತಿಗೆ ಕಾರ್ಮಿಕರು, ಹಗಲು-ರಾತ್ರಿ ಪಾಳಿ. ಉತ್ಪಾದನೆ ನಿಂತ ಪ್ರತಿ ದಿನವೂ ಕಂಪನಿಗೆ ನಷ್ಟ. ಆದ್ದರಿಂದ ಎಲ್ಲರಿಗೂ ಅವಸರ.

ಕಂಪ್ಯೂಟರ್ ಈ ಕ್ಷೇತ್ರಕ್ಕೆ ಬಂದದ್ದೂ ಅವಸರಕ್ಕಾಗಿಯೇ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ರೂಪಿಸಿದ 'ಕ್ರಿಟಿಕಲ್ ಪಾತ್' ಎಂಬ ಲೆಕ್ಕಾಚಾರವನ್ನು ಮೊದಲು ಪರೀಕ್ಷಿಸಿದ ಕಡೆಗಳಲ್ಲಿ ಲೂಯಿವಿಲ್ ಸ್ಥಾವರದ ದುರಸ್ತಿಯೂ ಒಂದು. ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುತ್ತದೆ ಎಂದು ಅದು ತೋರಿಸಿತು. ದುರಸ್ತಿಯ ಅವಧಿ ಗಣನೀಯವಾಗಿ ಇಳಿಯಿತು.

ಇಂದಿನ ವ್ಯವಸ್ಥೆ ಇನ್ನೂ ಮುಂದೆ ಹೋಗಿದೆ. ಕೆಲಸದ ಪರ್ಮಿಟ್ ಪರದೆಯ ಮೇಲೆ ಬರುತ್ತದೆ. ವಾಲ್ವಿಗೆ ಅಂಟಿಸಿದ ಚೀಟಿಯನ್ನು ಸ್ಕ್ಯಾನ್ ಮಾಡಿದರೆ ಅದು ಮುಚ್ಚಿದೆಯೆಂಬ ದಾಖಲೆ ಸಿಗುತ್ತದೆ. ಟ್ಯಾಂಕಿನೊಳಗೆ ಎಷ್ಟು ಜನ ಇಳಿದಿದ್ದಾರೆ, ಎಷ್ಟು ಜನ ಹೊರಬಂದಿದ್ದಾರೆ ಎಂಬುದು ಕಚೇರಿಯಲ್ಲೇ ಕಾಣುತ್ತದೆ.

ಇದರ ಬೆಲೆ ತಿಳಿಯಲು ಪೈಪರ್ ಆಲ್ಫಾ ದುರಂತವನ್ನು ನೆನೆಯಬೇಕು. 1988ರ ಜುಲೈ 6ರಂದು ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಇದನ್ನೇ ಚಾಲೂ ಮಾಡಿದರು. ಸತ್ತವರು 167 ಜನ. ಬಿಚ್ಚಿದ ವಾಲ್ವಿನ ಪರ್ಮಿಟ್ ಮುಗಿಯದೆ ಪಂಪನ್ನು ಚಾಲೂ ಮಾಡಲು ಒಪ್ಪದ ವ್ಯವಸ್ಥೆ ಅಂದು ಇದ್ದಿದ್ದರೆ ಕಥೆ ಬೇರೆಯಾಗಬಹುದಿತ್ತು.

ಆದರೆ ಪರದೆಯನ್ನೇ ನಂಬಿ ಕೂರುವಂತಿಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿ.ಪಿ. ಸ್ಥಾವರದಲ್ಲಿ ದುರಸ್ತಿಯ ನಂತರ ಘಟಕವೊಂದನ್ನು ಮತ್ತೆ ಆರಂಭಿಸುತ್ತಿದ್ದರು. ಗೋಪುರದಲ್ಲಿ ದ್ರವ 10 ಅಡಿಗಿಂತ ಕಡಿಮೆಯಿದೆ ಎಂದು ಮಾಪಕ ತೋರಿಸುತ್ತಿದ್ದಾಗ ನಿಜವಾದ ಮಟ್ಟ ಸುಮಾರು 158 ಅಡಿಗೆ ಏರಿತ್ತು. ಸ್ಫೋಟದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತ 15 ಮಂದಿಯೂ ಗುತ್ತಿಗೆಯವರು. ಪಕ್ಕದ ಘಟಕದ ಶಟ್‌ಡೌನ್‌ಗೆಂದು ತಂದು ನಿಲ್ಲಿಸಿದ್ದ ತಾತ್ಕಾಲಿಕ ಕಚೇರಿಗಳಲ್ಲೂ ಅವುಗಳ ಆಸುಪಾಸಿನಲ್ಲೂ ಅವರು ಇದ್ದರು.

ಈ ಎರಡು ಘಟನೆಗಳಿಂದ ನಾವು ಕಲಿಯಬೇಕಾದದ್ದು ಇಷ್ಟು. ದಾಖಲೆ ಕಳೆದುಹೋಗದಂತೆ ಯಂತ್ರ ನೋಡಿಕೊಳ್ಳಬಲ್ಲದು. ದಾಖಲೆ ಸತ್ಯವೇ ಎಂದು ನೋಡಲು ಮನುಷ್ಯನೇ ಹೋಗಬೇಕು. ಕುರ್ಚಿಯಲ್ಲಿ ಕುಳಿತು ಹತ್ತು ಪರ್ಮಿಟ್‌ಗಳಿಗೆ ಒಂದೇ ಸಲ ಬೆರಳೊತ್ತುವುದು ಕಾಗದಕ್ಕಿಂತ ಸುಲಭ. ಅಪಾಯವೂ ಅಲ್ಲೇ ಇದೆ.

ಆದ್ದರಿಂದ ನಾವು ಮೂರು ಮಾತು ಹೇಳಬಯಸುತ್ತೇವೆ. ಒಂದು, ಪರದೆಯ ಸೂಚನೆ ಟ್ಯಾಂಕಿಗೆ ಇಳಿಯುವವನಿಗೆ ತಿಳಿಯುವ ಭಾಷೆಯಲ್ಲಿರಲಿ. ಎರಡು, ಪಾಳಿ ಬದಲಾಗುವಾಗ ಇಬ್ಬರು ಎದುರುಬದುರು ನಿಂತು ಮಾತಾಡುವ ಸಮಯವನ್ನು ಕಡಿತ ಮಾಡಬಾರದು. ಮೂರು, 'ಇಲ್ಲಿ ಅಪಾಯವಿದೆ, ನಾನು ಇಳಿಯುವುದಿಲ್ಲ' ಎಂದವನ ಹೆಸರು ಮುಂದಿನ ಶಟ್‌ಡೌನ್‌ನ ಪಟ್ಟಿಯಿಂದ ಅಳಿಸಿಹೋಗಬಾರದು. ಎಲ್ಲವನ್ನೂ ದಾಖಲಿಸುವ ಕಂಪ್ಯೂಟರ್ ಅಂಥ ಮಾತನ್ನೂ ದಾಖಲಿಸಲಿ, ಅದಕ್ಕೆ ಯಾರು ಏನು ಉತ್ತರ ಕೊಟ್ಟರು ಎಂಬುದನ್ನೂ ಸೇರಿಸಿ.

ಯುವಕರನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸುವಾಗ ನಾವು ಸಂಬಳ, ವೀಸಾ ವಿಚಾರಿಸುತ್ತೇವೆ. ಧರ್ಮಕೇಂದ್ರದ ಯುವ ಸಂಘಟನೆಗಳು, ಐ.ಟಿ.ಐ. ನಡೆಸುವವರು ಇನ್ನೊಂದನ್ನೂ ಕಲಿಸಿ ಕಳುಹಿಸಲಿ: ಪರ್ಮಿಟ್ ಓದುವುದು, ಗಾಳಿ ಪರೀಕ್ಷೆಯ ಅಂಕಿಯನ್ನು ಕೇಳಿ ತಿಳಿಯುವುದು. ಶಟ್‌ಡೌನ್ ಎರಡು ದಿನ ಮೊದಲೇ ಮುಗಿದರೆ ಕಂಪನಿಗೆ ಸಂತೋಷ. ಹೋದವರೆಲ್ಲ ಮರಳಿ ಬಂದರಷ್ಟೇ ಮನೆಯವರಿಗೆ ಅದು ಮುಗಿದಂತೆ.