ಮಂದ್ರ, ತಾರ ಮತ್ತು ಮೂಲಧ್ವನಿ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನವರು ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾರೆ. ನೆರೆದ ಜನಸಾಗರದ ಗದ್ದಲ ಅಡಗುತ್ತದೆ. ಒಂದೇ ಒಂದು ನುಡಿಯನ್ನಾಡಿ ಅವರು ಕೆಳಕ್ಕೆ ಬೀಳುತ್ತಾರೆ. ಅದೇ ಆ ವರ್ಷದ ಕಾರ್ಣಿಕ. ಮಳೆಬೆಳೆಗಳ ಭವಿಷ್ಯವನ್ನು ಅದರಲ್ಲಿ ಅರಸುವುದು ನಮ್ಮ ಸೀಮೆಯ ವಾಡಿಕೆ. ಆ ನಂಬಿಕೆಯ ವಿಚಾರ ಇಲ್ಲಿ ಪ್ರಸ್ತುತವಲ್ಲ. ನುಡಿದ ಶಬ್ದ ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

ತೆಲಿಗಿಯಲ್ಲಿ ಒಮ್ಮೆ ಇಂಥ ಚರ್ಚೆಯ ನಡುವೆ ನಾವು ಕುಳಿತಿದ್ದೆವು. ಎರಡು ಮೊಬೈಲುಗಳ ಮುದ್ರಣದಲ್ಲಿ ನುಡಿಯ ಕೊನೆಯ ಪದ ಎರಡು ಬಗೆಯಾಗಿ ಕೇಳಿಸಿತು. ಒಂದನ್ನು ಕಂಪ್ಯೂಟರಿನಲ್ಲಿ 'ಶುದ್ಧಗೊಳಿಸಲಾಗಿದೆ', ಆದುದರಿಂದ ಅದೇ ಪ್ರಮಾಣವೆಂದು ಕೆಲವರು ಸಾಧಿಸಿದರು. ಈ ವಾದವನ್ನು ನಾವು ಒಪ್ಪಲಾರೆವು.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಕೇಳಿಸುವುವಷ್ಟೆ. ಡೊಳ್ಳಿನ ಗುಡುಗು, ಮೈಕಿಗೆ ಬಡಿಯುವ ಗಾಳಿಯ ಸದ್ದು ಬಹುಮಟ್ಟಿಗೆ ಕೆಳಗಿನ ಮಂದ್ರಭಾಗದಲ್ಲಿವೆ. 'ಸ'ಕಾರದ ಸೀತ್ಕಾರವಾದರೋ ಹೆಚ್ಚಾಗಿ 4,000ಕ್ಕೆ ಮೇಲಿನ ತಾರಭಾಗದಲ್ಲಿದೆ. ಇವೆರಡನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪ್ರಸಿದ್ಧ ಮಂಡಲವೊಂದನ್ನು ಬ್ರಿಟನ್ನಿನ ಪೀಟರ್ ಬ್ಯಾಕ್ಸೆಂಡಾಲ್ 1952ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2000ದಲ್ಲಿ ಹೊರಬಂದು ಇಂದಿಗೂ ಉಚಿತವಾಗಿ ದೊರೆಯುವ ಆಡಾಸಿಟಿಯಂಥ ತಂತ್ರಾಂಶಗಳು ಅದೇ ಕೆಲಸವನ್ನು ಗಣಿತದಿಂದ ಮಾಡುತ್ತವೆ.

ಆ ಗಣಿತ ಕಠಿನವಲ್ಲ. ಧ್ವನಿಯು ಕಂಪ್ಯೂಟರಿನಲ್ಲಿ ಸೆಕೆಂಡಿಗೆ 44,100 ಸಂಖ್ಯೆಗಳ ಸಾಲಾಗಿ ಕುಳಿತಿದೆಯೆನ್ನೋಣ. ಪ್ರತಿ ಸಂಖ್ಯೆಗೂ ಅದರ ನೆರೆಯ ಸಂಖ್ಯೆಗಳೊಡನೆ ಸರಾಸರಿ ತೆಗೆದರೆ ತ್ವರಿತವಾದ ಏರಿಳಿತಗಳು ಅಳಿದು ಮಂದ್ರ ಉಳಿಯುತ್ತದೆ. ಮೂಲದಿಂದ ಆ ಸರಾಸರಿಯನ್ನು ಕಳೆದರೆ ತಾರ ಉಳಿಯುತ್ತದೆ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಮತ್ತೆ ಕೂಡಿಸಿದರಾಯಿತು. ಶೋಧಕದ ತಿರುಳು ಇಷ್ಟೇ.

ಹಾಗಾದರೆ ಅದರಿಂದ ಆಗುವುದೇನು? ಮಂದ್ರವನ್ನು ತಗ್ಗಿಸಿದರೆ ಡೊಳ್ಳಿನ ಸದ್ದು ಹಿಂದೆ ಸರಿದು ಮಾತು ಮುಂದೆ ಬರುವುದುಂಟು. ಆದರೆ ಜನರ ಕೂಗೂ ಗೊರವಯ್ಯನವರ ಕಂಠವೂ ಒಂದೇ ಕಂಪನಗಳ ನಡುವೆ ಇರುವುದರಿಂದ ಅವನ್ನು ಈ ಶೋಧಕ ಬೇರ್ಪಡಿಸಲಾರದು. ಜರಡಿಯು ರಾಗಿಯಿಂದ ಹೊಟ್ಟನ್ನು ತೆಗೆಯಬಲ್ಲುದು. ಚೀಲದಲ್ಲಿ ಇಲ್ಲದ ಜೋಳವನ್ನು ತಂದುಕೊಡದು. ಸೆಕೆಂಡಿಗೆ 8,000 ಸಂಖ್ಯೆಗಳಲ್ಲಿ ಮುದ್ರಿತವಾದ ಧ್ವನಿಯಲ್ಲಿ 4,000ಕ್ಕೆ ಮೇಲಿನ ಕಂಪನಗಳಿಗೆ ಎಡೆಯೇ ಇಲ್ಲ. ಅಲ್ಲಿ ತಾರವನ್ನು ಎಷ್ಟು ಏರಿಸಿದರೂ ಕಳೆದುಹೋದ 'ಸ'ಕಾರ ಮರಳುವುದಿಲ್ಲ.

ಇನ್ನೊಂದು ಅಪಾಯವುಂಟು. 6 ಡೆಸಿಬೆಲ್ ಏರಿಸುವುದೆಂದರೆ ಅಲೆಯ ಎತ್ತರವನ್ನು ಇಮ್ಮಡಿಗೊಳಿಸುವುದು. 16 ಬಿಟ್ಟಿನ ಮುದ್ರಣದಲ್ಲಿ ಅತ್ಯಧಿಕ ಸಂಖ್ಯೆ 32,767. ಅದನ್ನು ಮೀರಿದ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಹೀಗೆ ಮೊಂಡಾದ ಅಲೆಯಲ್ಲಿ ಮೂಲದಲ್ಲಿಲ್ಲದ ಕಂಪನಗಳು ಹುಟ್ಟುತ್ತವೆ. ಗೊರಗೊರ ಸದ್ದನ್ನು ಅಡಗಿಸಲೆಂದು ತಾರವನ್ನು ಇಳಿಸಿದವರು 'ಸ' 'ಶ'ಗಳ ಭೇದವನ್ನೂ ಅಳಿಸಿರುತ್ತಾರೆ. ಕೃತಕ ಬುದ್ಧಿಮತ್ತೆಯ ಈಚಿನ ಕೆಲವು ಸಾಧನಗಳಂತೂ ಕಾಣೆಯಾದ ಭಾಗವನ್ನು ಊಹಿಸಿ ತುಂಬಿಬಿಡುತ್ತವೆ.

ಆದುದರಿಂದ ನಮ್ಮ ಸಲಹೆ ಇದು. ಮೂಲ ಮುದ್ರಣವನ್ನು ಮುಟ್ಟದೆ ಬೇರೆಯಾಗಿ ಕಾದಿರಿಸತಕ್ಕದ್ದು. ಬೇಕಾದುದನ್ನು ಏರಿಸುವುದಕ್ಕಿಂತ ಬೇಡದುದನ್ನು ಇಳಿಸುವುದು ಲೇಸು. ಯಾವ ಭಾಗವನ್ನು ಎಷ್ಟು ಬದಲಿಸಿದೆವೆಂಬುದನ್ನು ಜೊತೆಯಲ್ಲಿ ಬರೆದಿಡಬೇಕು. ಎರಡನ್ನೂ ಸಮನಾದ ಸದ್ದಿನಲ್ಲಿ ಹೋಲಿಸಿ ಕೇಳಬೇಕು. ಅಷ್ಟಾದರೂ ಪದ ತಿಳಿಯದಿದ್ದರೆ 'ಸ್ಪಷ್ಟವಾಗಿ ಕೇಳಿಸದು' ಎಂದು ಹೇಳಲು ನಾಚಬೇಕಾದುದಿಲ್ಲ. ಒಂದು ಪದದ ಮೇಲೆ ಇಡೀ ವರ್ಷದ ಆಸೆಯನ್ನು ಕಟ್ಟಿಕೊಳ್ಳುವ ರೈತನಿಗೆ ಅಷ್ಟು ಪ್ರಾಮಾಣಿಕತೆಯಾದರೂ ನಮ್ಮಿಂದ ಸಲ್ಲಬೇಕು.