ಪುಟ್ಟಿಯ ಪ್ರಶ್ನೆಯೂ ಹಳೇ ಹೈಬ್ರಿಡ್ ಕಾರೂ

ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಕಾರಿನದೇ ಮಾತು. ಮಗ ದಿನವೂ ಹನುಮಂತನಗರದಿಂದ ವೈಟ್‌ಫೀಲ್ಡಿಗೆ ಹೋಗಿಬರುತ್ತಾನೆ. ಸಿಗ್ನಲ್ಲಿನಲ್ಲಿ ನಿಂತು ನಿಂತೇ ಪೆಟ್ರೋಲ್ ಖಾಲಿಯಾಗುತ್ತದೆ ಎಂಬುದು ಅವನ ಗೋಳು. "ಅಪ್ಪ, ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಗೊಳ್ಳೋಣ" ಎಂದ. ನನ್ನ ಎಫ್‌ಡಿಯಿಂದ ಒಂದಿಷ್ಟು ಕೊಡುವ ಮಾತೂ ಬಂತು. ಅಲ್ಲಿಗೆ ಪ್ರಶ್ನೆ ಕೇಳುವ ಹಕ್ಕು ನನಗೂ ಬಂತಲ್ಲ!

ಆದರೆ ಮೊದಲ ಪ್ರಶ್ನೆ ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿಯದು. "ತಾತ, ಹೈಬ್ರಿಡ್ ಟೊಮೆಟೊ ಥರಾನಾ?"

ಹೌದು ಮಕ್ಕಳೇ, ಹೆಚ್ಚುಕಡಿಮೆ ಹಾಗೆಯೇ. ಎರಡು ತಳಿ ಸೇರಿ ಒಂದು ಗಿಡವಾದಂತೆ, ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಒಂದು ಕಾರು. ನಿಧಾನವಾಗಿ ಹೋಗುವಾಗ ಮೋಟಾರು ಎಳೆಯುತ್ತದೆ, ಹೆಚ್ಚು ಶಕ್ತಿ ಬೇಕಾದಾಗ ಎಂಜಿನ್ ಕೈಜೋಡಿಸುತ್ತದೆ. ಬ್ರೇಕ್ ಒತ್ತಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಕರೆಂಟು ತುಂಬುತ್ತವೆ. ನಿಮ್ಮ ಅಜ್ಜಂದಿರನ್ನು ಕೇಳಿ: ಅವರ ಸೈಕಲ್ಲಿಗೆ ಡೈನಮೊ ಇತ್ತು. ಅದನ್ನು ಚಕ್ರಕ್ಕೆ ತಾಗಿಸಿದರೆ ದೀಪ ಉರಿಯುತ್ತಿತ್ತು, ಪೆಡಲ್ ಮಾತ್ರ ಭಾರವಾಗುತ್ತಿತ್ತು. ಆ ಭಾರವೇ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಅದಕ್ಕೇ ನಿಂತು ನಿಂತು ಹೋಗುವ ಊರೊಳಗೆ ಈ ಕಾರಿಗೆ ಲಾಭ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. 1997ರಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂತು. 2013ರಲ್ಲಿ ನಮ್ಮ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರುಮಾಡಿದರು.

ಮೊದಲು ನೋಡಿದ ಕಾರಿನ ಬೆನ್ನ ಮೇಲೆ 'ಹೈಬ್ರಿಡ್' ಎಂದು ಹೊಳೆಯುವ ಅಕ್ಷರವಿತ್ತು. ಪುಟ್ಟಿ ಕೇಳಿದಳು: "ಅಂಕಲ್, ಎಂಜಿನ್ ಆಫ್ ಆಗಿದ್ದರೂ ಇದು ಓಡುತ್ತಾ?" ಮಾರುವವರು ತಲೆ ಕೆರೆದುಕೊಂಡರು. ಓಡುವುದಿಲ್ಲ! ಅದು ಮೈಲ್ಡ್ ಹೈಬ್ರಿಡ್. ಅದರ ಪುಟ್ಟ ಮೋಟಾರು ಎಂಜಿನ್ನಿಗೆ ಸ್ವಲ್ಪ ಹೆಗಲು ಕೊಡುತ್ತದೆ, ಅಷ್ಟೆ. ನಮಗೆ ಬೇಕಿದ್ದದ್ದು ಮೋಟಾರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್. ಹೆಸರು ಒಂದೇ, ಕೆಲಸ ಬೇರೆ.

ಎರಡನೆಯದು ಜಯನಗರದ ಒಬ್ಬ ಹಿರಿಯರ ಮನೆಯಲ್ಲಿತ್ತು. ಅವರ ಮಗ ಕೊಂಡದ್ದು, ಮೂರು ವರ್ಷ ಹಳೆಯದು. ಮಗ ಈಗ ಜರ್ಮನಿಯಲ್ಲಿದ್ದಾನೆ. ಬಟನ್ ಒತ್ತಿದರೂ ಸದ್ದಿಲ್ಲ. "ಕೆಟ್ಟುಹೋಗಿದೆ ತಾತ" ಎಂದು ಪುಟ್ಟಿ ಪಿಸುಗುಟ್ಟುವಷ್ಟರಲ್ಲಿ ಕಾರು ತಣ್ಣಗೆ ಮುಂದೆ ಸರಿಯಿತು. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇತ್ತು. ಅಲ್ಲಿ ಧೂಳು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗುತ್ತದೆ. ಅದನ್ನು ಬಗ್ಗಿ ನೋಡುವ ಕೆಲಸ ಪುಟ್ಟಿಯದು, ನನ್ನ ಮಂಡಿ ಒಪ್ಪಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿದೆವು. ಎಂಟು ವರ್ಷದ ಬ್ಯಾಟರಿ ವಾರಂಟಿ ಹೊಸ ಮಾಲೀಕರಿಗೂ ಸಿಗುತ್ತದೆಯೇ ಎಂದು ಕೇಳಿ ಬರೆಸಿಕೊಂಡೆವು.

ಈಗ ಲೆಕ್ಕ. ತಿಂಗಳಿಗೆ 1,000 ಕಿ.ಮೀ. ಓಡಾಟ. ಹಳೇ ಕಾರು ಲೀಟರಿಗೆ 12.5 ಕಿ.ಮೀ. ಕೊಡುತ್ತಿತ್ತು: 80 ಲೀಟರ್. ಹೈಬ್ರಿಡ್ 20 ಕೊಟ್ಟರೆ 50 ಲೀಟರ್. ಉಳಿತಾಯ 30 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೆ ತಿಂಗಳಿಗೆ 3,000. ಅದೇ ವಯಸ್ಸಿನ ಪೆಟ್ರೋಲ್ ಕಾರಿಗಿಂತ ಇದಕ್ಕೆ 1,80,000 ರೂಪಾಯಿ ಹೆಚ್ಚು. ಅದು ವಾಪಸು ಬರಲು 60 ತಿಂಗಳು, ಅಂದರೆ ಐದು ವರ್ಷ. ಬ್ಯಾಟರಿ ವಾರಂಟಿ ಉಳಿದಿರುವುದೂ ಐದೇ ವರ್ಷ. ದೊಡ್ಡ ಲಾಭವಲ್ಲ, ನಷ್ಟವೂ ಅಲ್ಲ. ಸರಿ ಎಂದೆ.

ಆರ್‌ಸಿ ಕೈಗೆ ತೆಗೆದುಕೊಂಡಾಗ ಮಾತ್ರ ನನ್ನ ಹಳೇ ಕಣ್ಣು ನಿಂತುಬಿಟ್ಟಿತು. ಅದರಲ್ಲಿ ಇನ್ನೂ ಒಂದು ಬ್ಯಾಂಕಿನ ಹೆಸರಿತ್ತು. ಅಂದರೆ ಕಾರು ಆ ಬ್ಯಾಂಕಿಗೆ ಅಡವು.

"ಸಾಲ ತೀರಿದೆ ಅಂತ ಮಗ ಹೇಳಿದ್ದಾನೆ" ಎಂದರು ಹಿರಿಯರು.

ತೀರಿದ್ದರೂ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಪಡೆದು ಆರ್‌ಟಿಓದಲ್ಲಿ ಆ ಹೆಸರು ತೆಗೆಸಬೇಕು. ಕೊನೆಯ ಕಂತು ಕಟ್ಟಿ, ಈ ಕಾಗದ ಕೇಳದೆ ಹೋದವರನ್ನು ನಾನು ಕೌಂಟರಿನಲ್ಲಿ ಎಷ್ಟೋ ಜನ ನೋಡಿದ್ದೇನೆ. "ಅದು ಬರುವವರೆಗೆ ಅಡ್ವಾನ್ಸ್ ಬೇಡ" ಎಂದೆ. ಮನೆಗೆ ಬರುವ ದಾರಿಯಲ್ಲಿ ಮಗ ಸಿಡುಕಿದ. "ರಿಟೈರ್ ಆಗಿ ಹದಿನಾಲ್ಕು ವರ್ಷ ಆಯ್ತು, ನೀವಿನ್ನೂ ಕೌಂಟರಿನಲ್ಲೇ ಕೂತಿದ್ದೀರಿ. ಬೇರೆಯವರು ಹಾರಿಸಿಕೊಂಡು ಹೋಗ್ತಾರೆ ನೋಡಿ." ಎರಡು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಅಷ್ಟು ಒಳ್ಳೆಯ ಮನುಷ್ಯರನ್ನು ಅನುಮಾನಿಸಿದೆನೇ ಎಂದು ನನಗೂ ಕಸಿವಿಸಿ.

ಮೂರನೇ ದಿನ ಹಿರಿಯರದೇ ಫೋನು. ಬ್ಯಾಂಕಿಗೆ ಹೋಗಿ ವಿಚಾರಿಸಿದರಂತೆ. ಇನ್ನೂ ನಾಲ್ಕು ಕಂತು ಬಾಕಿ! ಊರು ಬಿಡುವ ಗಡಿಬಿಡಿಯಲ್ಲಿ ಮಗನಿಗೆ ಲೆಕ್ಕ ತಪ್ಪಿತ್ತು. "ನೀವು ಕೇಳದಿದ್ದರೆ ನನ್ನ ಕೈಯಿಂದ ತಪ್ಪಾಗುತ್ತಿತ್ತು" ಎಂದರು. ಅವರ ದನಿ ನಡುಗುತ್ತಿತ್ತು. ಮಗನಿಂದ ಬಾಕಿ ಕಟ್ಟಿಸಿದರು. ಕಾಗದ ಬಂತು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಯಿತು. ಆಮೇಲೆ ಫಾರಂ 29, 30ಕ್ಕೆ ಸಹಿ ಬಿತ್ತು, ಇನ್ಶೂರೆನ್ಸೂ ನಮ್ಮ ಹೆಸರಿಗೆ ಬಂತು. ಇದಕ್ಕೆಲ್ಲ ಐದು ವಾರ. ಅಷ್ಟು ದಿನವೂ ಅವರು ಕಾರನ್ನು ಬೇರೆ ಯಾರಿಗೂ ತೋರಿಸಲಿಲ್ಲ. ಕಾರು ಮನೆಗೆ ಬಂದ ದಿನ ಮಗ ಏನೂ ಹೇಳಲಿಲ್ಲ, ಮುಂದಿನ ಬಾಗಿಲು ತೆಗೆದು "ನೀವು ಕೂತ್ಕೊಳ್ಳಿ ಅಪ್ಪ" ಎಂದ.

ಮಕ್ಕಳೇ, ಒಂದು ಎಚ್ಚರಿಕೆ. ಇಂಥ ಕಾರು ಹಿಂದೆ ಬಂದರೂ ಸದ್ದು ಕೇಳಿಸದಿರಬಹುದು. ರಸ್ತೆ ದಾಟುವಾಗ ಕಿವಿಯನ್ನು ನಂಬಬೇಡಿ, ಎರಡೂ ಕಡೆ ನೋಡಿ.

ಒಂದು ಲೆಕ್ಕವನ್ನೂ ಕೊಡುತ್ತೇನೆ. ನಾವು ತಿಂಗಳಿಗೆ 500 ಕಿ.ಮೀ. ಮಾತ್ರ ಓಡಾಡುವವರಾಗಿದ್ದರೆ ಆ 1,80,000 ವಾಪಸು ಬರಲು ಎಷ್ಟು ವರ್ಷ ಬೇಕಿತ್ತು? ಅಜ್ಜ ಅಜ್ಜಿಯ ಜೊತೆ ಕೂತು ಮಾಡಿ. ಆಗಲೂ ಈ ಕಾರು ಕೊಳ್ಳಬೇಕಿತ್ತೇ ಎಂದು ಅವರನ್ನೇ ಕೇಳಿ.